ಆಜಿಯ ವಾಡೆಯ ಮೇಲಿನ ಮನೆ

ಸುಟ್ಟ ಸಾಗುವಾನಿಗೆ ಎಣ್ಣೆ ಸೀದಂಥ ಒಂದು ವಾಸನೆ ಇರುತ್ತದೆ. ಕಲ್ಯಾಣದಿಂದ ಠಾಣೆಗೆ ಮರಳಿದ ಮೇಲೆ ಎಷ್ಟು ಒಗೆದರೂ ಅದು ನನ್ನ ಅಂಗಿಯಿಂದ ಹೋಗಿಲ್ಲ. ಮೂಗಿಗೆ ಬಡಿದಾಗಲೆಲ್ಲ ಆಜಿಯ ವಾಡೆ ಉರಿದದ್ದು ನಿಜವೇ ಎಂದು ಬೆಚ್ಚುತ್ತೇನೆ. ತಲೆಮಾರುಗಳನ್ನು ಕಂಡ ಮರದ ಮನೆ ಅದು. ಅದರ ಕೆತ್ತನೆಯ ಬಾಗಿಲು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕೆಳಗೆ ಮನೆಯ ಒಡತಿ, ಮರಾಠಿಯ ಆಜಿ. ಮೇಲಿನ ಕೋಣೆಗಳಲ್ಲಿ, ಉಡುಪಿ ಕಡೆಯಿಂದ ಬಂದ ನಾವು ಬಾಡಿಗೆಗೆ. ಅಪ್ಪನಿಗೆ ಉಲ್ಹಾಸನಗರದ ಹೋಟೆಲಿನಲ್ಲಿ ಕೆಲಸ. ಹಲಗೆಯ ನೆಲವಾದ್ದರಿಂದ ನಮ್ಮಲ್ಲಿ ಚೆಲ್ಲಿದ್ದೆಲ್ಲ ಸಂದಿನಿಂದ ಆಜಿಯ ಅಡುಗೆಮನೆಗೆ ಇಳಿಯುತ್ತಿತ್ತು. ಒಮ್ಮೆ ಪಾತ್ರೆ ಮಗುಚಿದಾಗ ಕೆಳಗಿನಿಂದ ಕೂಗು ಬಂತು: "ಅಗ ಸುನಂದಾ, ತುಝಾ ಸಾಂಬಾರ್ ಖಾಲೀ ಆಲಾ! ಮೀಠ್ ಕಮೀ ಆಹೆ!" ಸಾಂಬಾರು ಕೆಳಗೆ ಬಂತು, ಉಪ್ಪು ಕಮ್ಮಿ ಎಂದು. ಅಮ್ಮ ನೆಲ ಒರೆಸುತ್ತಲೇ ಕನ್ನಡದಲ್ಲಿ ಕೂಗಿದಳು: "ಉಪ್ಪು ನೀವೇ ಹಾಕ್ಕೊಳ್ಳಿ ಆಜಿ, ನನಗೆ ಕೈ ಪುರುಸೊತ್ತಿಲ್ಲ!" ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಮಧ್ಯಾಹ್ನ ನಾನು ಬರಿಮೈಯಲ್ಲಿ ಆ ಹಲಗೆಗಳ ಮೇಲೆ ಮಲಗಿದರೆ ಕೆಳಗಿನ ಒಲೆಯ ಬಿಸಿ ಬೆನ್ನಿಗೆ ತಾಗುತ್ತಿತ್ತು. ಆಜಿ ಶೇಂಗಾ ಹುರಿಯುವುದು, ಮೊಮ್ಮಗ ವಿನಾಯಕನನ್ನು ಗದರುವುದು, ಎಲ್ಲ ನೆಲದ ಮೂಲಕವೇ ತಿಳಿಯುತ್ತಿತ್ತು. ನಿಮಗೂ ಅಂಥದೊಂದು ನೆಲ ಇದ್ದಿರಬಹುದು. ಇದ್ದಿದ್ದರೆ, ಈಗಿನ ಫ್ಲಾಟುಗಳು ಎಷ್ಟು ಕಿವುಡು ಎಂಬುದು ಗೊತ್ತಿರುತ್ತದೆ.

ಆಜಿ ತೀರಿಕೊಂಡು, ನಾವು ಠಾಣೆಯ ಫ್ಲಾಟಿಗೆ ಬಂದು ಬಹಳ ಕಾಲವಾಯಿತು. ಬೆಂಕಿಯ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ವಿನಾಯಕ. ಮನೆಯಲ್ಲಿದ್ದವರೆಲ್ಲ ಹೊರಗೆ ಓಡಿ ಬದುಕಿಕೊಂಡಿದ್ದರು. ಅಮ್ಮನನ್ನು ಕರೆದುಕೊಂಡು ಹೋದೆ. ತರಕಾರಿಯವನೊಡನೆ ಮರಾಠಿಯಲ್ಲಿ ಜಗಳ ಕಾಯುವ ನನ್ನ ಅಮ್ಮನಿಗೆ, ಕರಕಾದ ಆ ಬಾಗಿಲು ಕಂಡದ್ದೇ ಮರಾಠಿಯೆಲ್ಲ ಮರೆತುಹೋಯಿತು. ದುರಸ್ತಿ ಸಾಧ್ಯವೇ ಎಂದು ನೋಡಲು ಬಂದಿದ್ದ ಎಂಜಿನಿಯರ್‌ಗೆ ಕೈಮುಗಿದು, "ಮಾಡಿ... ಹೇಗಾದ್ರೂ ಮಾಡಿ" ಎಂದಳು. ಮರಾಠಿಯಲ್ಲಿ ಮಾಡಿ ಎಂದರೆ ಮಹಡಿ. ಆತ ತಲೆಯಾಡಿಸಿ ಮೆಲ್ಲಗೆ ಹೇಳಿದ: "ಮಾಡೀ ನಾಹೀ ರಾಹಣಾರ್, ಮಾವಶೀ." ಮಹಡಿ ಉಳಿಯುವುದಿಲ್ಲ, ಇಳಿಸಲೇಬೇಕು, ಕಂಬಗಳು ಗಟ್ಟಿಯಿದ್ದರೆ ಕೆಳಗಿನ ಮನೆಯಷ್ಟನ್ನು ಮತ್ತೆ ನಿಲ್ಲಿಸಬಹುದು.

ಅವಳು ಕೇಳಿದ್ದು ಅದಲ್ಲ ಎಂದು ಹೇಳಹೊರಟೆ. ಅಮ್ಮ ನನ್ನ ತೋಳು ಹಿಡಿದಳು.

"ಬಿಡು ಮಾರಾಯ. ನನಗೆ ಕೇಳ್ಬೇಕು ಅಂತ ಇದ್ದದ್ದೂ ಅದೇ."

ವಿನಾಯಕ ಮುಖದ ಮಸಿಯನ್ನೂ ಒರೆಸಿಕೊಂಡಿರಲಿಲ್ಲ. "ಕಾಕೂ, ಖಾಲಚಂ ತರೀ ವಾಚವತೋ," ಎಂದ. ಚಿಕ್ಕಮ್ಮಾ, ಕೆಳಗಿನದನ್ನಾದರೂ ಉಳಿಸುತ್ತೇನೆ ಎಂದು. ಅಮ್ಮ ಹತ್ತಿರದ ಕಂಬಕ್ಕೆ ಹೋಗಿ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವಳಂತೆ ಗೆಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿದಳು.

"ಒಳಗೆ ಗಟ್ಟಿ ಉಂಟು, ವಿನಾಯಕ."

ಆಮೇಲೆ ಇನ್ನೊಂದು ಕಂಬ, ಮತ್ತೊಂದು. ಕೈ ಕಪ್ಪಾಗಿ ಹೋಯಿತು. ಬಡಿಯುತ್ತ ಬಡಿಯುತ್ತ ಇಡೀ ವಾಡೆ ಸುತ್ತಿದಳು. ಮೇಲೆ ಮಾತ್ರ ನೋಡಲಿಲ್ಲ.