ರಿಲೀವರ್ ಸಹಿಯ ಖಾಲಿ ಕಾಲಂ

ಮನುಷ್ಯನ ತಾಳ್ಮೆ ಭೂಮಿಗಿಂತ ದೊಡ್ಡದು ಎಂದು ಹಿರಿಯರು ಹೇಳಿದ್ದಾರೆ. ಹಾಗೆಂದ ಹಿರಿಯರು ಏಳು ತಿಂಗಳು ಬೆಡ್‌ಪ್ಯಾನ್ ತೊಳೆದಿದ್ದರೇ ಎಂಬುದಕ್ಕೆ ದಾಖಲೆಯಿಲ್ಲ.

ಕೋವಿಡ್ ಇಳಿದ ಮರುವರ್ಷದ ಮಾತು. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಮಂಗಳವಾರ, ಶುಕ್ರವಾರ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ, ಹಾಸಿಗೆ ಹಿಡಿದವರ ಕೈಕಾಲು ಆಡಿಸಿ ಬರುತ್ತಿದ್ದೆ. ಓಲ್ಡ್ ಟೌನಿನ ಗಿರಿಜಮ್ಮ ಅವರಲ್ಲೊಬ್ಬರು. ವಯಸ್ಸು ಅರವತ್ತೊಂದು, ಪಾರ್ಶ್ವವಾಯುವಿನಿಂದ ಬಲಭಾಗ ಬಿದ್ದುಹೋಗಿತ್ತು. ನಾಲಿಗೆ ತೊದಲುತ್ತಿತ್ತು, ಅದರ ಹರಿತ ಮಾತ್ರ ಕಡಿಮೆಯಾಗಿರಲಿಲ್ಲ. ನೋಡಿಕೊಳ್ಳುತ್ತಿದ್ದವರು ಗಂಡ ರುದ್ರಪ್ಪ. ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತರಾದವರು.

ಕುಲುಮೆಗೊಂದು ನಿಯಮವಿತ್ತು. ಮುಂದಿನ ಪಾಳಿಯವನು, ಅಂದರೆ ರಿಲೀವರ್, ಬಂದು ಲಾಗ್ ಪುಸ್ತಕಕ್ಕೆ ಸಹಿ ಹಾಕುವ ತನಕ ಬೆಂಕಿ ಬಿಟ್ಟು ಕದಲುವಂತಿಲ್ಲ. ರುದ್ರಪ್ಪ ಹೆಂಡತಿಗೂ ಅಂಥದ್ದೇ ಪುಸ್ತಕ ತೆರೆದಿದ್ದರು. ಎ, ಬಿ, ಸಿ ಮೂರು ಪಾಳಿ; ಗಂಜಿ ಎಷ್ಟು ಚಮಚ, ಮಗ್ಗುಲು ಬದಲಿಸಿದ್ದು ಎಷ್ಟು ಗಂಟೆಗೆ, ಎಲ್ಲವೂ. ಪ್ರತಿ ಭೇಟಿಯಲ್ಲೂ ನಾನು ಅದರಲ್ಲಿ ‘ಎಕ್ಸಲೆಂಟ್’ ಎಂದು ಬರೆದು ಸಹಿ ಮಾಡುತ್ತಿದ್ದೆ. ಸ್ಕೂಲ್ ಇನ್‌ಸ್ಪೆಕ್ಟರರ ಗತ್ತು ನಮ್ಮಂಥವರಿಗೆ ಬೇರೆಲ್ಲಿ ಸಿಗಬೇಕು?

ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ. ರುದ್ರಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಕೀಲಿಕೈಯನ್ನು ನನ್ನ ಅಂಗೈಗಿಟ್ಟರು.

“ನೀವೇ ತೆಗೀರಿ ಸಾರ್. ನಾನು ಒಳಗೆ ಬರಲ್ಲ.”

“ಯಾಕ್ರೀ, ಏನಾಯ್ತು?”

“ಎಂಟು ಗಂಟೆಗೆ ಗಂಜಿ ಕೊಡ್ತಿದ್ದೆ. ಗಂಟಲಿಗೆ ಸಿಕ್ಕೊಳ್ತು. ಕಣ್ಣು ಮೇಲೆ ಮಾಡಿದ್ಲು. ನಾನು ನೋಡ್ತಾ ನಿಂತೆ. ಇಪ್ಪತ್ತು ಸೆಕೆಂಡು, ಕುಲುಮೆಯವನು, ಲೆಕ್ಕ ತಪ್ಪಲ್ಲ. ಇದು ಮುಗಿದ್ರೆ ಮಲಗಬಹುದಲ್ಲಾ ಅನ್ನಿಸ್ತು. ಆಮೇಲೆ ಎತ್ತಿ ಬೆನ್ನಿಗೆ ಬಡಿದೆ, ಉಸಿರು ಬಂತು. ಇನ್ನೊಂದ್ಸಲ ಹಾಗೆ ನಿಂತ್ರೆ ಏನ್ ಗತಿ? ಅದಕ್ಕೇ ಬೀಗ ಹಾಕಿದೆ. ಅವಳಿಗಲ್ಲ ಸಾರ್, ನನಗೆ.”

ಪಾರ್ಶ್ವವಾಯು ನುಂಗುವ ಸ್ನಾಯುಗಳನ್ನೂ ಹಿಡಿಯುತ್ತದೆ. ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಅದಕ್ಕೆ ಆಸ್ಪಿರೇಷನ್ ಎನ್ನುತ್ತಾರೆ. ಹೊರಗೆ ಕೂತವರಿಗೆ ಆಗಿದ್ದಕ್ಕೆ ಏನೆನ್ನುತ್ತಾರೆಂದು ನನಗೆ ಯಾರೂ ಕಲಿಸಿರಲಿಲ್ಲ. ಬೀಗ ಹಾಕಿ ಒಂದು ಗಂಟೆಯ ಮೇಲಾಗಿತ್ತು, ಒಳಗಿನಿಂದ ಒಂದು ಸದ್ದಿಲ್ಲ. ಬೀಗ ತೆಗೆದು ಒಳಗೆ ಹೋದೆ.

ಗಿರಿಜಮ್ಮ ಮೂರು ದಿಂಬಿಗೊರಗಿ ಕೂತು ಬಾಗಿಲನ್ನೇ ನೋಡುತ್ತಿದ್ದರು.

“ಇದ್ದಾರಾ ಹೊರಗೆ?”

“ಇದ್ದಾರಮ್ಮ.”

“ಇನ್ನೆಲ್ಲಿಗೆ ಹೋಗ್ತಾರೆ, ರಿಲೀವರ್ ಬಂದಿಲ್ವಲ್ಲ.” ಒಂದಿಷ್ಟು ಹೊತ್ತು ಉಸಿರೆಳೆದುಕೊಂಡರು. “ಆ ನಿದ್ದೆಗೆಟ್ಟ ಕಣ್ಣು ನೋಡಿದ್ರೆ ನುಂಗೋಕೇ ಭಯ ಆಗುತ್ತೆ ಮಾರಾಯ್ರೇ. ಹೊಳೆಹೊನ್ನೂರಿಂದ ನನ್ನ ತಂಗಿ ಬರ್ತೀನಿ ಅಂತಾಳೆ. ಇವರು ಬಿಡಲ್ಲ. ಅವಳಿಗೆ ಟ್ರೇನಿಂಗ್ ಆಗಿಲ್ವಂತೆ.”

ವೈದ್ಯರಿಗೆ ಫೋನ್ ಮಾಡಿದೆ. ಅವರು ಬಂದು ಎದೆ ಪರೀಕ್ಷಿಸಿ, ಎರಡು ದಿನ ಜ್ವರ ಬರುತ್ತದೋ ನೋಡಿ ಎಂದು ಹೋದರು. ಆಮೇಲೆ ಲಾಗ್ ಪುಸ್ತಕ ತೆರೆದೆ. ರಿಲೀವರ್ ಸಹಿಯ ಕಾಲಂ ಏಳು ತಿಂಗಳಿಂದ ಖಾಲಿ. ಅದರ ಪಕ್ಕದಲ್ಲೇ, ಅದನ್ನು ಗಮನಿಸದೆ ನಾನು ಬರೆದ ಐವತ್ತೆಂಟು ‘ಎಕ್ಸಲೆಂಟ್’ಗಳು. ಹೊಗಳಿ ಹೊಗಳಿ ಆ ಮನುಷ್ಯನ ಬಾಯಿಗೆ ಬೀಗ ಜಡಿದವನು ನಾನೇ.

ತಂಗಿ ಶಾಂತಮ್ಮನಿಗೆ ಫೋನ್ ಮಾಡಿದೆ. ಮಧ್ಯಾಹ್ನ ಒಂದರ ಬಸ್ಸಿಗೆ ಬಂದಿಳಿದರು. ರುದ್ರಪ್ಪ ಹೊಸಿಲಿನಾಚೆ ನಿಂತೇ ಪಾಳಿ ಒಪ್ಪಿಸತೊಡಗಿದರು.

“ಗದ್ದ ಕೆಳಗಿರಬೇಕು. ಅರ್ಧ ಚಮಚ. ನುಂಗಿದ್ದು ನೋಡಿ ಇನ್ನರ್ಧ.”

“ಮೂರು ಮಕ್ಕಳನ್ನ ಸಾಕಿದೀನಿ ಭಾವ.”

“ಅವಕ್ಕೆ ಲಾಗ್ ಬುಕ್ ಇತ್ತಾ?”

“ಸಹಿ ಹಾಕೇ ಮೊದಲು,” ಎಂದು ಗಿರಿಜಮ್ಮ ಒಳಗಿಂದ ತೊದಲಿದರು, “ಪಾಪ, ಹೋಗ್ಲಿ.”

ಅಂದಿನಿಂದ ಯಾವ ಮನೆಗೆ ಹೋದರೂ, ರೋಗಿಯ ಕಾಲು ಮುಟ್ಟುವ ಮೊದಲು ನೋಡಿಕೊಳ್ಳುವವರನ್ನು ಕೇಳುತ್ತೇನೆ: ನಿಮ್ಮ ರಿಲೀವರ್ ಯಾರು? ‘ಎಕ್ಸಲೆಂಟ್’ ಬರೆಯುವುದನ್ನು ಬಿಟ್ಟಿದ್ದೇನೆ.

ಆ ದಿನ ಶಾಂತಮ್ಮ ಎರಡು ಹತ್ತಕ್ಕೆ ಸಹಿ ಹಾಕಿದರು. ರುದ್ರಪ್ಪ ಪಕ್ಕದ ಮನೆಯಲ್ಲಿ ಚಾಪೆ ಹಾಸಿಕೊಂಡು ಹನ್ನೊಂದು ಗಂಟೆ ಮಲಗಿದರು.