ಅತ್ತೆಯ ಕಾವಲಿಯ ಮೇಲೆ ವೆಲ್ಷ್ ಕೇಕ್

ಫ್ರೆಂಡ್ಸ್, ಏನಾಯ್ತು ಕೇಳಿ! ಕೆಳಗಿನ ಫ್ಲ್ಯಾಟ್‌ನ ಗ್ವೆನ್ ಆಂಟಿ ಇವತ್ತು ನಮ್ಮ ಅಡುಗೆಮನೆಗೇ ಬಂದು, ತಮ್ಮ ವೇಲ್ಸ್ ದೇಶದ ವೆಲ್ಷ್ ಕೇಕ್ ಕಲಿಸಿದರು. ಮೈದಾ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ, ಒಂದು ಮೊಟ್ಟೆ ಕಲಸಿ, ದುಂಡಗೆ ಕತ್ತರಿಸಿ, ಕಬ್ಬಿಣದ ಕಾವಲಿಯ ಮೇಲೆ ಬೇಯಿಸಬೇಕು. ಎಷ್ಟು ಚೆನ್ನಾಗಿ ಬಂತು ಗೊತ್ತಾ! ಆದರೆ ನಮ್ಮಲ್ಲಿರುವ ಕಾವಲಿ ಒಂದೇ, ಮದುವೆಗೆ ಅತ್ತೆ ಮೈಸೂರಿನಿಂದ ಕೊಟ್ಟು ಕಳಿಸಿದ, ಅವರ ಅಮ್ಮನ ಕಾಲದ ದೋಸೆ ಕಾವಲಿ. ಅತ್ತೆ ಮೊಟ್ಟೆ ಮುಟ್ಟುವವರಲ್ಲ. ಅದು ನನಗೆ ನೆನಪಾದದ್ದು ಕೊನೆಯ ಕೇಕ್ ಇಳಿಸಿದ ಮೇಲೆ!

ಇಲ್ಲಿ ಗಲ್ಫಿನ ರಾಸ್ ಲಫಾನ್ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಸುಹಾಸ್ ಬೆಚ್ಚಿಬಿದ್ದ. "ಅಮ್ಮ ಈಗ ವಿಡಿಯೋ ಕಾಲ್ ಮಾಡ್ತಾರೆ ಕಣೇ! ಯಲ್ಲಾ, ಬೇಗ ಬೇಗ, ಕೊಡಿಲ್ಲಿ!" ಎಂದವನೇ ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ್ದ ಕಾವಲಿಗೆ ಸೋಪು ಸುರಿದು, ಸ್ಟೀಲ್ ನಾರಿನಲ್ಲಿ ಗಸಗಸ ತಿಕ್ಕಿದ.

"ನೋ! ನಾಟ್ ಸೋಪ್!" ಗ್ವೆನ್ ಆಂಟಿ ಕಿರುಚಿದರು.

ಅಷ್ಟರಲ್ಲಿ ಕಾಲ್ ಬಂದೇಬಿಟ್ಟಿತು. ಅತ್ತೆಯ ಕಣ್ಣು ನೇರ ಸಿಂಕಿಗೆ ಹೋಯಿತು. "ಏನೋ ಅದು ಕಾವಲಿ ಮೇಲೆ ಬೆಳ್ಳಗೆ ನೊರೆ?"

ನಾನು ಅತ್ತೇಬಿಟ್ಟೆ. "ಸಾರಿ ಅತ್ತೆ, ನಿಮ್ಮ ಕಾವಲೀಲಿ ಮೊಟ್ಟೆ ಹಾಕಿದ ಕೇಕ್ ಮಾಡ್ಬಿಟ್ಟೆ."

"ಮೊಟ್ಟೆ ಹಾಳಾಗ್ಲಿ ಕಣಮ್ಮ! ಅದಕ್ಕೆ ಸೋಪು ಹಾಕಿದ್ದು ಯಾರು?"

ಈಗ ಫೋನಿನಿಂದ ಅತ್ತೆ ಕನ್ನಡದಲ್ಲಿ, ಪಕ್ಕದಿಂದ ಗ್ವೆನ್ ಆಂಟಿ ಇಂಗ್ಲಿಷಿನಲ್ಲಿ ಒಟ್ಟಿಗೇ ಸುಹಾಸ್‌ಗೆ ಬೈಯುತ್ತಿದ್ದಾರೆ. ದೋಸೆ ಮತ್ತೆ ಏಳುವವರೆಗೂ ದಿನಾ ಕಾವಲಿಗೆ ಎಣ್ಣೆ ಸವರುವುದು ಅವನ ಡ್ಯೂಟಿಯಂತೆ. ಈ ಹೊಸ ಸೊಸೆ ಮೂಲೆಯಲ್ಲಿ ನಿಂತು ಕೇಕ್ ತಿನ್ನುತ್ತಿದ್ದಾಳೆ.