ಎಲ್ಲ ಬಿಸಿ ಉಂಟು

ನಾವು ದಿನಾ ತಿಂಡಿಗೆ ಹೋಗುವ ಚೆಂಬೂರಿನ ಹೋಟೆಲಿನ ವೇಟರೊಬ್ಬರು, ಯಾರು ಕೇಳಲಿ ಬಿಡಲಿ, ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, ಮೇಜು ಒರೆಸಿ, "ಎಲ್ಲ ಬಿಸಿ ಉಂಟು ಮಾರಾಯ್ರೆ" ಎಂದು ಮುಗಿಸುತ್ತಿದ್ದರು. ಒಮ್ಮೆ ಅವರಿಗೆ ಗಂಟಲಿನ ಸೋಂಕಾಯಿತು. ಎದುರಿನ ಕ್ಲಿನಿಕ್ಕಿನ ಡಾಕ್ಟರು ಟಾರ್ಚ್ ಹಾಕಿ ನೋಡಿ, "ಗರಂ ಪಾನಿ ಕುಡೀರಿ. ಮಾತು ಪೂರಾ ಬಂದ್" ಎಂದರು.

ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಬಂದರು, ದನಿ ಬಂದಿರಲಿಲ್ಲ. ಒಳಗೆ ಪಾತ್ರೆ ತೊಳೆಯಲು ಹೇಳಿದ ಮಾಲೀಕರ ಮಾತು ಕೇಳಿಸದವರಂತೆ ನಮ್ಮ ಮೇಜಿನ ಬಳಿಯೇ ನಿಂತರು. ನನ್ನೆದುರು ಕೂತಿದ್ದ ಅದೇ ಡಾಕ್ಟರು ಅವರ ಪರವಾಗಿ ತಾವೇ ಶುರುಮಾಡಿದರು: "ಇಡ್ಲಿ ಬಿಸಿ ಉಂಟಾ?"

ವೇಟರು ಹೌದೆಂದು ತಲೆಯಾಡಿಸಿದರು.

"ಬನ್ಸ್?"

ಅಡುಗೆಮನೆಯತ್ತ ಒಮ್ಮೆ ನೋಡಿ, ಇಲ್ಲವೆಂದು ಕೈಯಾಡಿಸಿದರು.

"ವಡೆ?"

ಅದೂ ಇಲ್ಲ.

ಆ ವಾರವಿಡೀ ನಾವು ಇಡ್ಲಿಯನ್ನೇ ತಿಂದೆವು. ಗಂಟಲು ವಾಸಿಯಾದ ದಿನದಿಂದ ಮತ್ತೆ ಎಲ್ಲವೂ ಬಿಸಿಯಾಯಿತು.